ಹಿಂದೆ ಮುಂದೆ ಯಾರೂ ಇಲ್ಲದವರು: ಹಿಜಡಾ ಅಭ್ಯರ್ಥಿಗಳು, ಮತದಾರ ಮತ್ತು ಮೀಸಲು ಕ್ಷೇತ್ರ

ಪ್ರಾತಿನಿಧ್ಯದ ಮಾತು ಬಂದಾಗಲೆಲ್ಲ ನಮ್ಮ ದಲಿತ ವಿಮರ್ಶೆ ಪೂನಾ ಒಪ್ಪಂದದಿಂದ ಶುರುವಾಗುತ್ತದೆ. ಶುರುವಾಗಬೇಕಾದದ್ದೂ ಅಲ್ಲಿಂದಲೇ. ಒಂದು ಸಮುದಾಯದ ಪ್ರತಿನಿಧಿಯನ್ನು ಆರಿಸುವವರು ಆ ಸಮುದಾಯದವರೋ ಅಥವಾ ಅದನ್ನು ಊರಾಚೆ ಇಟ್ಟವರೋ ಎಂಬ ಪ್ರಶ್ನೆಗೆ 1932ರಲ್ಲಿ ಸಿಕ್ಕ ಉತ್ತರ, ಒಬ್ಬರ ಉಪವಾಸದ ಒತ್ತಡದಲ್ಲಿ ಸಿಕ್ಕ ಉತ್ತರ. ಆ ಪ್ರಶ್ನೆಯನ್ನು ನಾವು ನಮ್ಮದೊಂದೇ ಎಂಬಂತೆ ಚರ್ಚಿಸುತ್ತ ಬಂದಿದ್ದೇವೆ. ಆದರೆ ಕಳೆದ ಕಾಲು ಶತಮಾನದಲ್ಲಿ ಮಧ್ಯಪ್ರದೇಶ, ಉತ್ತರಪ್ರದೇಶ, ಛತ್ತೀಸಗಢಗಳ ಕೆಲವು ಊರುಗಳ ಜನ ಹಿಜಡಾಗಳನ್ನು ಓಟು ಹಾಕಿ ಗೆಲ್ಲಿಸಿದಾಗ ಅದೇ ಪ್ರಶ್ನೆ ಮತ್ತೆ ಎದ್ದು ನಿಂತಿತು. ಅದು ನಮ್ಮ ಕಿವಿಗೆ ಸರಿಯಾಗಿ ಬೀಳಲಿಲ್ಲ. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯಾಗಿಸಿದವು, ಪ್ರಗತಿಪರರು 'ಮತದಾರ ಪ್ರಬುದ್ಧನಾಗಿದ್ದಾನೆ' ಎಂದು ಶಭಾಸ್ ಹೇಳಿ ಮುಂದೆ ಹೋದರು. ಈ ಎರಡರ ನಡುವೆ ಕಳೆದುಹೋದ ಚರಿತ್ರೆಯೊಂದಿದೆ. ಅದನ್ನು ಕೇರಿಯ ಕಡೆಯಿಂದ ನಿಂತು ಓದಬೇಕೆಂಬುದು ನನ್ನ ಆಸೆ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. 'ಹಿಜಡಾ' ಎನ್ನುವುದನ್ನು ಊರು ಬೈಗುಳವಾಗಿ ಬಳಸುತ್ತದೆ, ನಿಜ. ಆದರೆ ಆ ಸಮುದಾಯ ತನ್ನ ಮನೆತನಗಳನ್ನು, ಗುರುಪರಂಪರೆಯನ್ನು ಹೇಳಿಕೊಳ್ಳುತ್ತ ಬಂದದ್ದೂ ಆ ಹೆಸರಿನಲ್ಲೇ. ಉತ್ತರದಲ್ಲಿ ಈಗ 'ಕಿನ್ನರ' ಎನ್ನುತ್ತಾರೆ. ನಮ್ಮ ಪತ್ರಿಕೆಗಳಿಗೆ ಪ್ರಿಯವಾದ ಪದ 'ಮಂಗಳಮುಖಿ'. ಈ ಪದ ಕೇಳಿದಾಗಲೆಲ್ಲ ನನಗೆ 'ಹರಿಜನ' ನೆನಪಾಗುತ್ತದೆ. ಮುಟ್ಟಲು ಒಲ್ಲದವರಿಗೆ ದೇವರ ಹೆಸರಿಟ್ಟು ಕೈತೊಳೆದುಕೊಳ್ಳುವ ಚಾಳಿ ನಮ್ಮಲ್ಲಿ ಹಳೆಯದು.

ಈಗ ಸಂಗತಿಗೆ ಬರೋಣ. ಮಧ್ಯಪ್ರದೇಶದಲ್ಲಿ 1998ರಲ್ಲಿ ರಚನೆಯಾದ ವಿಧಾನಸಭೆಗೆ ಶಹಡೋಲ್ ಜಿಲ್ಲೆಯ ಸೋಹಾಗಪುರ ಕ್ಷೇತ್ರದಿಂದ ಶಬನಂ ಮೌಸಿ ಉಪಚುನಾವಣೆಯಲ್ಲಿ ಗೆದ್ದು ಬಂದರು. ದೇಶದ ಯಾವುದೇ ಶಾಸನಸಭೆಗೆ ಆಯ್ಕೆಯಾದ ಮೊದಲ ಹಿಜಡಾ ಅವರು. ಪಕ್ಷೇತರರಾಗಿ ನಿಂತು, ಎರಡೂ ದೊಡ್ಡ ಪಕ್ಷಗಳನ್ನು ಸೋಲಿಸಿ, 2003ರ ತನಕ ಶಾಸಕರಾಗಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1999-2000ರಲ್ಲಿ, ಅದೇ ರಾಜ್ಯದ ಕಟನಿ ನಗರದ ಜನ ಕಮಲಾ ಜಾನ್ ಅವರನ್ನು ಮೇಯರ್ ಮಾಡಿದರು. 2000ದ ನವೆಂಬರಿನಲ್ಲಿ ಗೋರಖಪುರದ ಜನ ಆಶಾದೇವಿಯವರನ್ನು ಮೇಯರ್ ಮಾಡಿದರು. ಗೋರಖಪುರವೆಂದರೆ ಮಠದ ಊರು, ಮಠವೇ ರಾಜಕೀಯವನ್ನು ಆಳುವ ಊರು. ಅಲ್ಲಿ ಪಕ್ಷೇತರ ಹಿಜಡಾ ಒಬ್ಬರು ಭಾರೀ ಅಂತರದಿಂದ ಗೆದ್ದದ್ದು ಸಣ್ಣ ಸಂಗತಿಯೇನಲ್ಲ. 2003ರಲ್ಲಿ ಮಧ್ಯಪ್ರದೇಶದ ಹಿಜಡಾಗಳು ತಮ್ಮದೇ ಒಂದು ಪಕ್ಷವನ್ನೂ ಕಟ್ಟಿದರು. 'ಜೀತಿ ಜಿತಾಯಿ ಪಾಲಿಟಿಕ್ಸ್' ಎಂದು ಅದಕ್ಕೆ ಹೆಸರು, ಅಂದರೆ 'ಆಗಲೇ ಗೆದ್ದಿರುವ ರಾಜಕಾರಣ'. ಹೆಸರಿನಲ್ಲಿರುವ ಗತ್ತು ನೋಡಿ.

ಜನ ಯಾಕೆ ಓಟು ಹಾಕಿದರು? ಈ ಚುನಾವಣೆಗಳಲ್ಲೆಲ್ಲ ಮತ್ತೆ ಮತ್ತೆ ಕೇಳಿಬಂದ ವಾದ ಒಂದೇ. ಇವರಿಗೆ ಹೆಂಡ್ರಿಲ್ಲ, ಮಕ್ಕಳಿಲ್ಲ, ಅಳಿಯನಿಲ್ಲ, ಭಾವಮೈದುನನಿಲ್ಲ. ಯಾರಿಗಂತ ದುಡ್ಡು ಮಾಡ್ತಾರೆ? ಇವರಿಗೆ ಜಾತಿಯಿಲ್ಲ; ಯಾವ ಜಾತಿಯ ಕಡೆ ವಾಲ್ತಾರೆ? ಅಭ್ಯರ್ಥಿಗಳೂ ಇದನ್ನೇ ಹೇಳಿದರು, ಮತದಾರರೂ ಇದನ್ನೇ ಹೇಳಿದರು. ಎರಡೂ ದೊಡ್ಡ ಪಕ್ಷಗಳಿಂದ ರೋಸಿಹೋದ ಜನಕ್ಕೆ ಇದೊಂದು ಛೀಮಾರಿ ಹಾಕುವ ದಾರಿಯೂ ಆಗಿತ್ತು. ನೀವು ಮಾಡಿದ್ದಕ್ಕಿಂತ ಇವರೇ ವಾಸಿ ಎನ್ನುವಾಗ ಆ 'ಇವರೇ' ಎಂಬ ಪದದಲ್ಲಿ ಎಷ್ಟು ಮೆಚ್ಚುಗೆಯಿದೆ, ಎಷ್ಟು ತುಚ್ಛೀಕಾರವಿದೆ ಎಂಬುದನ್ನು ತೂಗಬೇಕು. 'ಗಂಡಸರಿಂದ ಆಗದ್ದು ಇವರಿಂದಾದರೂ ಆಗಲಿ' ಎಂಬ ನಗೆಯಲ್ಲಿ ಗಂಡಸುತನದ ಯಜಮಾನಿಕೆ ಎಲ್ಲೂ ಅಲುಗುವುದಿಲ್ಲ.

ಇದನ್ನು ಒಮ್ಮೆ ತರಗತಿಯಲ್ಲಿ ಚರ್ಚೆಗಿಟ್ಟಿದ್ದೆ. ಹುಡುಗರೆಲ್ಲ ಥಟ್ಟನೆ ಒಪ್ಪಿದರು: ಸಂಸಾರ ಇಲ್ಲದವರು ಪ್ರಾಮಾಣಿಕವಾಗಿರ್ತಾರೆ, ಅದಕ್ಕೆ ಅವರನ್ನೇ ಗೆಲ್ಲಿಸಬೇಕು ಎಂದು. ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, "ಮೇಡಂ, ಮಕ್ಕಳಿಲ್ಲದಿದ್ದರೆ ಅಷ್ಟು ಒಳ್ಳೇವ್ರು ಅನ್ನೋದಾದ್ರೆ ನಮ್ಮೂರಲ್ಲಿ ಮಕ್ಕಳಿಲ್ಲದ ಹೆಂಗಸರನ್ನ ಯಾಕೆ ಉಡಿ ತುಂಬೋಕೆ ಕರೆಯಲ್ಲ?" ಎಂದಳು. ತರಗತಿ ಸುಮ್ಮನಾಯಿತು. ನಾನು ಪುಸ್ತಕ ಹಿಡಿದು ಹೇಳಬೇಕೆಂದಿದ್ದುದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಒಂದು ಕಡೆ ಶಾಪವಾದದ್ದು ಇನ್ನೊಂದು ಕಡೆ ಅರ್ಹತೆಯಾಗುವುದು ಹೇಗೆ? ಆ ಅರ್ಹತೆಯನ್ನು ಕೊಟ್ಟವರು ಯಾರು?

ಇದಕ್ಕೆ ಉತ್ತರ ಹುಡುಕಲು 1871ಕ್ಕೆ ಹೋಗಬೇಕು. ಆ ವರ್ಷದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ನಮಗೆ ಹೊಸದಲ್ಲ. ಅದರ ಮುಂದುವರಿಕೆಯಾಗಿ ಬಂದ ಕಾಯಿದೆಗಳು ನಮ್ಮ ಕಡೆಯ ಕೊರಚ, ಕೊರಮ, ಗಂಟಿಚೋರ್ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡವು. ಹುಬ್ಬಳ್ಳಿ, ಗದಗಿನ ಸೆಟ್ಲಮೆಂಟುಗಳ ತಂತಿಬೇಲಿಯ ನೆನಪು ಇನ್ನೂ ಮಾಸಿಲ್ಲ. ಆದರೆ ನಮ್ಮ ಬರಹಗಳಲ್ಲಿ ಅಷ್ಟಾಗಿ ಕಾಣದ ಸಂಗತಿಯೆಂದರೆ ಆ ಕಾಯಿದೆಗೆ ಎರಡು ಭಾಗಗಳಿದ್ದವು ಎಂಬುದು. ಮೊದಲ ಭಾಗ ಬುಡಕಟ್ಟುಗಳಿಗೆ; ಎರಡನೆಯ ಭಾಗ ಪೂರ್ತಿ ಹಿಜಡಾಗಳಿಗೆ. ಪೊಲೀಸರು ಅವರ ಹೆಸರು, ಆಸ್ತಿಗಳ ಪಟ್ಟಿ ಇಡಬೇಕು. ಪಟ್ಟಿಯಲ್ಲಿರುವವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ ಎರಡು ವರ್ಷದ ತನಕ ಜೈಲು. ಅವರ ಮನೆಯಲ್ಲಿ ಹದಿನಾರರೊಳಗಿನ ಹುಡುಗರು ಇರಕೂಡದು. ಇಷ್ಟಕ್ಕೇ ನಿಲ್ಲಲಿಲ್ಲ. ಪಟ್ಟಿಗೆ ಸೇರಿದ ಹಿಜಡಾ ಯಾರಿಗೂ ಪೋಷಕರಾಗುವಂತಿಲ್ಲ, ದಾನಪತ್ರ ಬರೆಯುವಂತಿಲ್ಲ, ಉಯಿಲು ಮಾಡುವಂತಿಲ್ಲ, ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ.

ಅಂದರೆ 'ಹಿಂದೆ ಮುಂದೆ ಯಾರೂ ಇಲ್ಲ' ಎನ್ನುವ ಸ್ಥಿತಿ ಅವರ ಸ್ವಭಾವವಲ್ಲ. ಹುಟ್ಟಿದ ಮನೆ ಅವರನ್ನು ಹೊರಗೆ ಹಾಕಿತು, ಪ್ರಭುತ್ವ ಅವರು ಕಟ್ಟಿಕೊಂಡ ಮನೆಯನ್ನು ಕಾನೂನಿನ ಹೊರಗೆ ಹಾಕಿತು. ಈ ಕಾಯಿದೆಯ ಎರಡನೆಯ ಭಾಗ ಬಿಗಿಯಾಗಿ ಜಾರಿಯಾದದ್ದು ಆಗಿನ ವಾಯವ್ಯ ಪ್ರಾಂತ್ಯಗಳಲ್ಲಿ. ಗೋರಖಪುರ ಆ ಪ್ರಾಂತ್ಯದಲ್ಲೇ ಇತ್ತು. ಯಾವ ನೆಲದಲ್ಲಿ ಮಗುವನ್ನು ಸಾಕಿಕೊಳ್ಳುವುದು ಅವರಿಗೆ ಅಪರಾಧವಾಗಿತ್ತೋ ಅದೇ ನೆಲದಲ್ಲಿ, ನೂರ ಮೂವತ್ತು ವರ್ಷದ ಮೇಲೆ, ಮಕ್ಕಳಿಲ್ಲದ್ದೇ ಅವರ ಇಲೆಕ್ಷನ್ ಘೋಷಣೆಯಾಯಿತು.

ಹಾಗಂತ ಅವರಿಗೆ ಸಂಬಂಧಗಳೇ ಇಲ್ಲವೇ? ಗುರು ಇದ್ದಾರೆ, ಚೇಲಾ ಇದ್ದಾರೆ, ಗುರುವಿನ ಗುರುವನ್ನು 'ನಾನಿ' ಎನ್ನುತ್ತಾರೆ. ಘರಾನಾಗಳಿವೆ, ಅವುಗಳ ಪಂಚಾಯಿತಿಯಿದೆ, ಸತ್ತರೆ ಅಳುವವರಿದ್ದಾರೆ. ಒಳಗೆ ಯಜಮಾನಿಕೆಯೂ ಇದೆ, ಕಟ್ಟುಪಾಡುಗಳಿವೆ, ದುಡಿದದ್ದರಲ್ಲಿ ಗುರುವಿನ ಪಾಲಿದೆ. ಎಲ್ಲ ಮನೆಗಳಂತೆ ಅದೂ ಒಂದು ಮನೆ. ಮತದಾರನ ಮೆಚ್ಚುಗೆ ಈ ಮನೆಯನ್ನು ಕಾಣಲೇ ಇಲ್ಲ. ಕಂಡಿದ್ದರೆ ಮೆಚ್ಚುತ್ತಿದ್ದನೇ ಎಂಬುದು ಬೇರೆ ಮಾತು.

ಇದೆಲ್ಲ ದೂರದ ಉತ್ತರದ ಕಥೆ ಎಂದುಕೊಳ್ಳುವುದು ಬೇಡ. ಹೈದರಾಬಾದ್ ಸಂಸ್ಥಾನದಲ್ಲಿ 1919ರ ಸುಮಾರಿಗೆ ಇಂಥದ್ದೇ ಒಂದು ಕಾಯಿದೆ ಬಂತು. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳು ಆಗ ಅದೇ ಸಂಸ್ಥಾನದಲ್ಲಿದ್ದವು. 2011ರಲ್ಲಿ, ಸ್ವತಂತ್ರ ಭಾರತದ ಕರ್ನಾಟಕದ ಶಾಸನಸಭೆ, ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಹೊಸ ಕಲಮು ಸೇರಿಸಿ ಹಿಜಡಾಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೆ ಕೊಟ್ಟಿತು. ವಸಾಹತುಶಾಹಿ ಹೋಯಿತು ಎಂದು ನಾವು ಭಾಷಣ ಮಾಡುತ್ತಿದ್ದ ಕಾಲದಲ್ಲೇ! ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಆ ಸಮುದಾಯದ ಹೆಸರನ್ನು ತೆಗೆದು 'ವ್ಯಕ್ತಿ' ಎಂದು ತಿದ್ದಿತು.

ಓಟು ಹಾಕಿ ಗೆಲ್ಲಿಸಿದ ಮೇಲೆ ಏನಾಯಿತು? ಕಟನಿಯ ಮೇಯರ್ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಗೋರಖಪುರದ್ದೂ ಅಷ್ಟೇ. ಕಮಲಾ ಜಾನ್ ಅವರ ಮೇಲೆ ದಾವೆ ಹೂಡಲಾಯಿತು. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಮಹಿಳೆ ಎಂದೇ ಇತ್ತು. ಆದರೂ ಅವರು ಗಂಡಸು, ಮಹಿಳಾ ಮೀಸಲು ಸ್ಥಾನದಲ್ಲಿ ನಿಲ್ಲುವ ಹಕ್ಕಿಲ್ಲ ಎಂದು ಕೋರ್ಟು ಆಯ್ಕೆಯನ್ನು ಅಸಿಂಧುಗೊಳಿಸಿತು. 2003ರಲ್ಲಿ ಮಧ್ಯಪ್ರದೇಶ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ಕೋರ್ಟನ್ನು ಬೈದು ಮುಗಿಸುವುದು ಸುಲಭ. ನನಗೆ ಅಷ್ಟು ಸುಲಭವೆನಿಸುವುದಿಲ್ಲ. 1992ರ ಸಂವಿಧಾನ ತಿದ್ದುಪಡಿಗಳಿಂದ ಪಂಚಾಯಿತಿ, ಪುರಸಭೆಗಳಲ್ಲಿ ಹೆಂಗಸರಿಗೆ ಮೂರರಲ್ಲೊಂದು ಸ್ಥಾನ ಸಿಕ್ಕಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಆ ಕುರ್ಚಿಗಳಲ್ಲೂ ಗಂಡಂದಿರು ಕೂತುಕೊಳ್ಳುತ್ತಿದ್ದ ಕಾಲ ಅದು. ಮೀಸಲು ಸ್ಥಾನದ ಬಾಗಿಲು ಯಾರಿಗೆ ತೆರೆಯಬೇಕು ಎಂದು ಕೇಳುವವರೆಲ್ಲ ದುಷ್ಟರಲ್ಲ. ಸುಳ್ಳು ಜಾತಿ ಪ್ರಮಾಣಪತ್ರಗಳ ವಿರುದ್ಧ ಹೋರಾಡಿದ ನಮಗೆ ಇದು ಅರ್ಥವಾಗಬೇಕು. ನನ್ನ ತಕರಾರು ಬೇರೆ. ಯಾರ ಪ್ರಾತಿನಿಧ್ಯಕ್ಕೂ ಒಂದು ಸ್ಥಾನ ಮಾಡಿಕೊಡದೆ, ಇದ್ದ ಎರಡೇ ಗೂಡುಗಳಲ್ಲಿ ಒಂದಕ್ಕೆ ಅವರನ್ನು ತಳ್ಳಿ ಬಾಗಿಲು ಹಾಕಿಕೊಂಡದ್ದು ನ್ಯಾಯವೆನಿಸಿಕೊಂಡಿತಲ್ಲ, ಅದು. ಮೀಸಲು ಸ್ಥಾನ ಹೆಂಗಸರದ್ದು. ಸಾಮಾನ್ಯ ಸ್ಥಾನ, ಹೇಳಬೇಕಿಲ್ಲ, ಗಂಡಸರದ್ದು.

2009ರ ಕೊನೆಯಲ್ಲಿ ಸಾಗರದ ಜನ ಮತ್ತೊಮ್ಮೆ ಅದನ್ನೇ ಮಾಡಿದರು. ಇದು ನಮ್ಮ ಮಲೆನಾಡಿನ ಸಾಗರವಲ್ಲ, ಮಧ್ಯಪ್ರದೇಶದ್ದು. ಕಮಲಾ ಬುವಾ ಅಲ್ಲಿ ಬಿಜೆಪಿ ಅಭ್ಯರ್ಥಿಯನ್ನು ಹಿಂದೆ ಹಾಕಿ ಮೇಯರ್ ಆದರು. ಆ ಆಯ್ಕೆಯೂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಜನ ಕೊಡುವುದು, ಕಾನೂನು ಕಿತ್ತುಕೊಳ್ಳುವುದು, ಇದೊಂದು ಪರಿಪಾಠವೇ ಆಗಿಹೋಗಿತ್ತು.

ಆಮೇಲೆ ಬಂದದ್ದು ರಾಯಗಢ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುಳು ಇಲ್ಲೇ ಇದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ತೃತೀಯ ಲಿಂಗವನ್ನು ಕಾನೂನಿನ ಮಟ್ಟಿಗೆ ಒಪ್ಪಿಕೊಂಡಿತು. ಒಂಬತ್ತು ತಿಂಗಳೂ ತುಂಬಿರಲಿಲ್ಲ. 2015ರ ಜನವರಿ 4ರಂದು ಛತ್ತೀಸಗಢದ ರಾಯಗಢ ನಗರಪಾಲಿಕೆಯ ಫಲಿತಾಂಶ ಬಂತು. ಪಕ್ಷೇತರ ಅಭ್ಯರ್ಥಿ ಮಧು ಕಿನ್ನರ್ 33,168 ಓಟು ಪಡೆದು ಬಿಜೆಪಿಯ ಮಹಾವೀರ್ ಗುರೂಜಿಯವರನ್ನು 4,537 ಓಟುಗಳಿಂದ ಸೋಲಿಸಿದರು. ಮಧು ಎಂಟನೇ ಕ್ಲಾಸಿನ ತನಕ ಓದಿದವರು, ರೈಲುಗಳಲ್ಲಿ ಹಾಡಿ ಕುಣಿದು ಹೊಟ್ಟೆ ಹೊರೆದವರು. ಅರವತ್ತು ಎಪ್ಪತ್ತು ಸಾವಿರದೊಳಗೆ ಇಲೆಕ್ಷನ್ ಮುಗಿಸಿದರು. ನಮ್ಮ ಕಡೆ ಅಷ್ಟು ದುಡ್ಡು ಒಂದು ವಾರ್ಡಿನ ಊಟೋಪಚಾರಕ್ಕೂ ಸಾಲದು.

ದೇಶದ ಪತ್ರಿಕೆಗಳೆಲ್ಲ 'ಮೊದಲ ತೃತೀಯ ಲಿಂಗಿ ಮೇಯರ್' ಎಂದು ಬರೆದವು. ಕಟನಿ, ಗೋರಖಪುರ, ಸಾಗರಗಳನ್ನು ಅಷ್ಟರಲ್ಲೇ ಮರೆತದ್ದು ಒಂದು. ಅದಕ್ಕಿಂತ ದೊಡ್ಡ ಮರೆವು ಇನ್ನೊಂದು. ರಾಯಗಢದ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಮಧು ದಲಿತರು. ಅವರು ಉಮೇದುವಾರಿಕೆ ಸಲ್ಲಿಸಿದ್ದು ದಲಿತರಾಗಿ. ಕಟನಿಯಲ್ಲಿ ಲಿಂಗದ ಹೆಸರಿನಲ್ಲಿ ಮುಚ್ಚಿದ್ದ ಬಾಗಿಲು ಇಲ್ಲಿ ಜಾತಿಯ ಹೆಸರಿನಲ್ಲಿ ತೆರೆಯಿತು. ಅವರನ್ನು ಕಣದಲ್ಲಿ ನಿಲ್ಲಿಸಿದ್ದು ಅಂಬೇಡ್ಕರ್ ಹೋರಾಡಿ ತಂದ ಹಕ್ಕು. ಆದರೆ 'ಇವರಿಗೆ ಜಾತಿಯಿಲ್ಲ' ಎಂಬ ಹಳೇ ಹೊಗಳಿಕೆ ಅವರ ಕೊರಳಿಗೂ ಬಿತ್ತು. ಮೇಲ್ಜಾತಿಯ ಸಂವೇದನೆಗೆ ಮಧು ಹಿಜಡಾ ಆಗಿ ಕಂಡರೆ ಆಶ್ಚರ್ಯ, ದಲಿತರಾಗಿ ಕಂಡರೆ ಕಿರಿಕಿರಿ. ಎರಡೂ ಒಟ್ಟಿಗೆ ಆಗಿರಬಹುದೆಂಬುದು ತಲೆಗೇ ಹೋಗಲಿಲ್ಲ. ನಮ್ಮವರೇನು ಕಡಿಮೆಯಲ್ಲ. ದಲಿತ ಸಂಘಟನೆಗಳ ವೇದಿಕೆಗಳಲ್ಲಿ ರಾಯಗಢದ ಹೆಸರನ್ನು ನಾನು ಕೇಳಿದ್ದು ಅಪರೂಪ.

ಇಲ್ಲಿ ಅಂಬೇಡ್ಕರ್ ಅವರ ಸೋಲನ್ನು ನೆನೆಯಬೇಕು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದ ಪ್ರಾಂತೀಯ ಶಾಸನಸಭೆಗಳಲ್ಲಿ ಅಸ್ಪೃಶ್ಯರಿಗೆ 148 ಸ್ಥಾನ ಕೊಟ್ಟಿತು. ಬ್ರಿಟಿಷರ ತೀರ್ಪಿನಲ್ಲಿ ಇದ್ದದ್ದು 71. ಲೆಕ್ಕಕ್ಕೆ ಇಮ್ಮಡಿ. ಆದರೆ ಆ 71ರಲ್ಲಿ ಅಸ್ಪೃಶ್ಯರ ಪ್ರತಿನಿಧಿಯನ್ನು ಅಸ್ಪೃಶ್ಯರೇ ಆರಿಸುತ್ತಿದ್ದರು. 148ರಲ್ಲಿ ಕೊನೆಯ ಮಾತು ಊರಿನದು. ಇದರ ಫಲವನ್ನು ಬಾಬಾಸಾಹೇಬರು ಮೈಮೇಲೆ ಉಂಡರು. ಸಂವಿಧಾನ ಬರೆದು ಎರಡು ವರ್ಷವಾಗಿತ್ತು. ಮೊದಲ ಮಹಾಚುನಾವಣೆಯಲ್ಲಿ ಉತ್ತರ ಮುಂಬಯಿಯ ಮೀಸಲು ಸ್ಥಾನದಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ ಎದುರು ಸೋತರು. 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲೂ ಸೋತರು.

ಸೋಹಾಗಪುರದ ಗೆಲುವನ್ನೂ ಮುಂಬಯಿಯ ಸೋಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಂಬೇಡ್ಕರ್ ಒಬ್ಬರ ಕಡೆಯವರಾಗಿದ್ದರು. ಅವರ ಹಿಂದೆ ಒಂದು ಜನ ಇತ್ತು, ಆ ಜನಕ್ಕೆ ಒಂದು ಲೆಕ್ಕ ಚುಕ್ತಾ ಆಗಬೇಕಿತ್ತು. ಶಬನಂ ಮೌಸಿಯವರು ಗೆದ್ದದ್ದು ಯಾರ ಕಡೆಯವರೂ ಅಲ್ಲ ಎಂಬ ಭರವಸೆಯ ಮೇಲೆ. ಯಾರನ್ನೂ ಪ್ರತಿನಿಧಿಸದ ಪ್ರತಿನಿಧಿಯನ್ನು ಮತದಾರ ಸುಲಭವಾಗಿ ಒಪ್ಪುತ್ತಾನೆ. ತಮ್ಮವರ ಹಕ್ಕು ಕೇಳಲು ಬಂದವರನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹೀಗೆ ಗೆದ್ದ ಹಿಜಡಾ ಪ್ರತಿನಿಧಿಗಳ ಎದುರು ನಲ್ಲಿ, ಚರಂಡಿ, ರಸ್ತೆ ಇದ್ದವು, ಇರಬೇಕಾದವೇ. ಆದರೆ ಠಾಣೆಯಲ್ಲಿ ಹೊಡೆಸಿಕೊಂಡ ಹಿಜಡಾ ಪರವಾಗಿ ನಿಲ್ಲಲು ಅವರಿಗೆ ಓಟು ಹಾಕಿರಲಿಲ್ಲ. ನಿಂತಿದ್ದರೆ 'ಇವರೂ ತಮ್ಮವರನ್ನೇ ನೋಡ್ಕೊಂಡ್ರು' ಎಂಬ ಮಾತು ಬರುತ್ತಿತ್ತು. ನಮ್ಮ ಮೀಸಲು ಕ್ಷೇತ್ರದ ಶಾಸಕರಿಗೆ ಈ ಮಾತಿನ ಹೆದರಿಕೆ ಎಷ್ಟೆಂಬುದು ನಮಗೆ ಗೊತ್ತಿದ್ದದ್ದೇ.

ಸಂಖ್ಯೆಯ ಮಾತೂ ಇದೆ. 2011ರ ಜನಗಣತಿ ಗಂಡು-ಹೆಣ್ಣು ಅಲ್ಲದ 'ಇತರ'ರನ್ನು 4,87,803 ಎಂದು ಎಣಿಸಿತು. ಚುನಾವಣಾ ಆಯೋಗ 2009ರಿಂದ ಪಟ್ಟಿಯಲ್ಲಿ 'ಇತರ' ಎಂಬ ಕಲಂ ತೆರೆದಿದ್ದರೂ 2024ರ ಲೋಕಸಭಾ ಚುನಾವಣೆಗೆ ಮುಂಚೆ ಅದರಲ್ಲಿ ಇದ್ದವರು 48 ಸಾವಿರದಷ್ಟು. ಒಟ್ಟು ಮತದಾರರು 96 ಕೋಟಿಗೂ ಮಿಕ್ಕಿ. ಅವರಿಗೆ ಕೇರಿಯೂ ಇಲ್ಲ, ಒಂದೆಡೆ ಗುಂಪಾಗಿ ಬೀಳುವ ಓಟೂ ಇಲ್ಲ. ಕ್ಷೇತ್ರದ ಗೆರೆ ಎಲ್ಲಿ ಎಳೆದರೂ ಅವರು ಒಬ್ಬಿಬ್ಬರೇ. ಗೆರೆ ಎಳೆಯುವುದರಿಂದ ಏನಾಗುತ್ತದೆಂಬುದಕ್ಕೆ ಹೊರಗಿನ ಒಂದು ಉದಾಹರಣೆ ಕೊಡಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾರ್ವೆ ಮಿಲ್ಕ್ ಎಂಬ ಸಲಿಂಗಕಾಮಿ ನಾಯಕ ನಗರಸಭೆಗೆ 1973ರಲ್ಲಿ, 1975ರಲ್ಲಿ ನಿಂತು ಸೋತ. ಆಗ ಇಡೀ ನಗರವೇ ಒಂದು ಕ್ಷೇತ್ರ. ಆಮೇಲೆ ವಾರ್ಡುವಾರು ಚುನಾವಣೆ ಬಂತು. ಅವನವರು ಗುಂಪಾಗಿ ನೆಲೆಸಿದ್ದ ಕ್ಯಾಸ್ಟ್ರೋ ಬೀದಿ ಒಂದೇ ವಾರ್ಡಿಗೆ ಸೇರಿತು, 1977ರಲ್ಲಿ ಗೆದ್ದ. ಮಿಲ್ಕ್ ತಾನು ಯಾರ ಕಡೆಯವನೆಂದು ಕೂಗಿ ಹೇಳಿಯೇ ಗೆದ್ದದ್ದು, ಮುಚ್ಚಿಟ್ಟಲ್ಲ. ಅವನವರಿಗೆ ಒಂದು ಕೇರಿ ಇತ್ತು. ಮರುವರ್ಷವೇ ಅವನನ್ನು ನಗರಸಭೆಯ ಮಾಜಿ ಸದಸ್ಯನೊಬ್ಬ ಗುಂಡಿಕ್ಕಿ ಕೊಂದ ಎಂಬುದನ್ನೂ ಹೇಳಲೇಬೇಕು.

ಕೇರಿಯಿಲ್ಲದವರ ಪ್ರಾತಿನಿಧ್ಯ ಹೇಗೆ? ನಾಲ್ಸಾ ತೀರ್ಪು ಇವರನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ ಮೀಸಲಾತಿ ಕೊಡಲು ಹೇಳಿತು. ಕೇಳಲು ಚೆನ್ನಾಗಿದೆ. ಆದರೆ ದಲಿತ ಹಿಜಡಾ ಒಬ್ಬರು ಇದರಿಂದ ಎಲ್ಲಿಗೆ ಹೋಗಬೇಕು? ಹಿಂದುಳಿದ ವರ್ಗಕ್ಕೆ ಸೇರಿದರೆ ಪರಿಶಿಷ್ಟ ಜಾತಿ ಬಿಡಬೇಕು. ತಮಿಳುನಾಡು 2015ರಲ್ಲಿ ಎಲ್ಲರನ್ನೂ ಅತಿ ಹಿಂದುಳಿದ ವರ್ಗಕ್ಕೆ ಸೇರಿಸಿತು. ಗ್ರೇಸ್ ಬಾನು ಅವರಂಥ ದಲಿತ ತೃತೀಯ ಲಿಂಗಿ ಹೋರಾಟಗಾರರು ಇದರ ವಿರುದ್ಧ ನಿಂತು, ಮೀಸಲಾತಿ ಅಡ್ಡಸಾಲಿನಲ್ಲಿ ಇರಲಿ, ಎಲ್ಲ ವರ್ಗಗಳ ಒಳಗೂ ಇರಲಿ ಎಂದು ಕೇಳಿದರು. ಆ ಕೆಲಸ ಮೊದಲು ಆದದ್ದು ನಮ್ಮ ರಾಜ್ಯದಲ್ಲಿ. 'ಸಂಗಮ', 'ಜೀವ' ಸಂಘಟನೆಗಳು ಹೈಕೋರ್ಟಿನಲ್ಲಿ ಹೋರಾಡಿದ ಮೇಲೆ 2021ರಲ್ಲಿ ಸರ್ಕಾರಿ ನೌಕರಿಯ ನೇಮಕಾತಿ ನಿಯಮ ತಿದ್ದುಪಡಿಯಾಗಿ, ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹೀಗೆ ಪ್ರತಿಯೊಂದರೊಳಗೂ ಶೇ. 1 ಇವರಿಗೆ ಎಂದಾಯಿತು. ಜಾತಿ ಮತ್ತು ಲಿಂಗತ್ವ ಎರಡೂ ಒಂದೇ ಮೈಯಲ್ಲಿ ಇರಬಹುದೆಂದು ಒಪ್ಪಿಕೊಂಡ ನಿಯಮ ಇದು. ಅದು ನೌಕರಿಗೆ ಮಾತ್ರ, ಚುನಾವಣೆಗಲ್ಲ. ದಲಿತ ಸಂಘಟನೆಗಳು ಅದನ್ನು ಚುನಾವಣೆಗೂ ಕೇಳಬೇಕು. ಕೇಳಿದರೆ ಮೀಸಲು ಪಾಲು ಕರಗುತ್ತದೆ ಎಂಬ ಅಳುಕು ನಮ್ಮವರಲ್ಲಿದೆ. ಅಡ್ಡಸಾಲಿನ ಮೀಸಲಾತಿಯಲ್ಲಿ ನಮ್ಮ ಪಾಲು ನಮ್ಮವರಿಗೇ ಬರುತ್ತದೆ. ಇಲ್ಲಿ ಅಳುಕಿಗೆ ಕಾರಣವಿರುವುದು ಲೆಕ್ಕದಲ್ಲಲ್ಲ, 'ನಮ್ಮವರು' ಎಂದರೆ ಯಾರು ಎಂಬುದರಲ್ಲಿ.

2021ರ ಜನವರಿಯಲ್ಲಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಭಾದಲಿ ಬುದ್ರುಕ್ ಎಂಬ ಹಳ್ಳಿಯ ಪಂಚಾಯಿತಿಗೆ ಮಹಿಳಾ ಮೀಸಲು ವಾರ್ಡಿನಿಂದ ಅರ್ಜಿ ಹಾಕಿದ್ದ ತೃತೀಯ ಲಿಂಗಿಯೊಬ್ಬರ ನಾಮಪತ್ರವನ್ನು ಅಧಿಕಾರಿ ತಿರಸ್ಕರಿಸಿದ. ಕಟನಿಯಲ್ಲಿ ಕೇಳಿದ್ದ ಅದೇ ಕಾರಣ. ಅವರು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠಕ್ಕೆ ಹೋದರು. ತಾನು ಹೆಣ್ಣೆಂದು ಹೇಳಿಕೊಳ್ಳುವ ಹಕ್ಕು ಅವರದೇ ಎಂದು ನ್ಯಾಯಮೂರ್ತಿಗಳು ನಾಮಪತ್ರವನ್ನು ಊರ್ಜಿತಗೊಳಿಸಿದರು. ಇನ್ನು ಮುಂದೆ ಅನುಕೂಲ ನೋಡಿಕೊಂಡು ಗಂಡೆಂದು ಬದಲಾಯಿಸುವಂತಿಲ್ಲ ಎಂಬ ಷರತ್ತೂ ಜೊತೆಗಿತ್ತು. ಗಂಡಸರಿಗೆ ಅಂಥ ಷರತ್ತನ್ನು ಯಾರೂ ಹಾಕುವುದಿಲ್ಲ ಬಿಡಿ. ಅವರು ನಿಂತರು, ಗೆದ್ದರು. ಕೋರ್ಟಿನ ಕಾಗದದಲ್ಲಿ ಅರ್ಜಿದಾರರ ಹೆಸರು 'ಅಂಜಲಿ ಗುರು ಸಂಜನಾ ಜಾನ್' ಎಂದಿದೆ. ಅಪ್ಪನ ಹೆಸರು ಬರೆಯುವ ಜಾಗದಲ್ಲಿ ಗುರುವಿನ ಹೆಸರು.